ಇನ್ವರ್ಟರ್ ಬ್ಯಾಟರಿ ಬಿಲ್ಲೂ ಇಲ್ಲ, ವಾರಂಟಿ ಕಾರ್ಡೂ ಇಲ್ಲ, ಅಂಗಡಿಯವ್ರು ಆಗಲ್ಲ ಅಂತಿದಾರೆ, ಏನ್ಮಾಡ್ಬಹುದು?

ನಿಮ್ಮ ಪ್ರಶ್ನೆ ಪೂರ್ತಿ ಓದ್ದೆ. ನಿಮ್ಮಪ್ಪ ಎರಡು ವರ್ಷದ ಹಿಂದೆ ಊರಿನ ಅಂಗಡೀಲೇ ಟ್ಯೂಬುಲರ್ ಬ್ಯಾಟರಿ ತಗೊಂಡಿದ್ರು, ಮನೆ ಬದಲಾಯಿಸೋವಾಗ ಬಿಲ್ಲು ಕಾರ್ಡು ಎರಡೂ ಕಳೆದೋಯ್ತು, ಈಗ ಕರೆಂಟ್ ಹೋದ್ರೆ ಹತ್ತು ನಿಮಿಷ ಬ್ಯಾಕಪ್ ಬರಲ್ಲ, ಅಂಗಡಿಯವ್ರು ನೋಡಿದ್ರೆ ಬಿಲ್ ತನ್ನಿ ಇಲ್ಲಾಂದ್ರೆ ಹೊಸದು ತಗೊಳಿ ಅಂತಿದಾರೆ. ನಾನು ತುಮಕೂರಲ್ಲಿ ಕೆಲವು ಎಲೆಕ್ಟ್ರಿಕಲ್ ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೀತೀನಿ, ಅದಕ್ಕೇ ಅಂಗಡಿ ಒಳಗಡೆ ಏನಿರುತ್ತೆ ಅಂತ ಗೊತ್ತಿರೋದನ್ನ ಹೇಳ್ತೀನಿ. ಬಿಲ್ ಕಳೆದಿರೋದು ನಿಮ್ಮನೇಲಿ, ಅಂಗಡೀಲಲ್ಲ. ಇದೊಂದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ.

ಮೊದಲ್ನೇದು, ಆ ಬ್ಯಾಟರೀನ ಯಾವ ಕಾರಣಕ್ಕೂ ಕೈಬಿಡ್ಬೇಡಿ. ಇದನ್ನ ಯಾಕೆ ಮೊದ್ಲು ಹೇಳ್ತಿದೀನಿ ಅಂದ್ರೆ ಇಂಥ ಹೊತ್ತಲ್ಲಿ ಅಂಗಡಿಯವ್ರು ಸಾಮಾನ್ಯವಾಗಿ ಹಳೇದು ಕೊಟ್ಬಿಡಿ ಎಕ್ಸ್‌ಚೇಂಜಲ್ಲಿ ಇಷ್ಟು ಕಡಿಮೆ ಮಾಡ್ತೀನಿ ಅಂತಾರೆ, ಬ್ಯಾಟರಿ ಒಳಗಿರೋ ಸೀಸಕ್ಕೆ (ಲೆಡ್) ಗುಜರೀಲಿ ಒಳ್ಳೇ ರೇಟ್ ಇರೋದ್ರಿಂದ ಆ ಮಾತು ನಮಗೂ ಲಾಭ ಅನ್ಸುತ್ತೆ, ಆದ್ರೆ ಬ್ಯಾಟರಿ ಹೋದ್ಮೇಲೆ ನಿಮ್ಮ ಹತ್ರ ಇರೋ ದೊಡ್ಡ ಸಾಕ್ಷಿನೇ ಹೋಯ್ತು. ಬ್ಯಾಟರಿ ಮೇಲೆ ಒಂದು ಸೀರಿಯಲ್ ನಂಬರ್ ಇರುತ್ತೆ, ಕೆಲವಕ್ಕೆ ಡಬ್ಬದ ಮೇಲೇ ಕೊರೆದಿರ್ತಾರೆ, ಕೆಲವಕ್ಕೆ ಬಾರ್‌ಕೋಡ್ ಸ್ಟಿಕರ್ ಇರುತ್ತೆ. ಆಸಿಡ್ ಧೂಳು ಕೂತಿದ್ರೆ ಒದ್ದೆ ಬಟ್ಟೇಲಿ ಮೆಲ್ಲಗೆ ಒರೆಸಿ, ಉಜ್ಜಬೇಡಿ, ನಂಬರ್ ಅಳಿಸಿದೆ ಅಥವಾ ತಿದ್ದಿದೆ ಅಂತ ಕಂಡ್ರೆ ಅಲ್ಲಿಗೇ ಕ್ಲೇಮ್ ರಿಜೆಕ್ಟ್ ಮಾಡ್ತಾರೆ. ಸ್ಪಷ್ಟವಾಗಿ ಫೋಟೋ ತೆಗೀರಿ.

ಆ ನಂಬರ್ ಇಟ್ಕೊಂಡು ಅಂಗಡಿಗೆ ಹೋಗೋ ಮೊದ್ಲು ಕಂಪನಿಯ ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿ ಕಂಪ್ಲೇಂಟ್ ಬರೆಸಿ. ಬ್ಯಾಟರಿ ಯಾವ ತಿಂಗಳಲ್ಲಿ ತಯಾರಾಯ್ತು ಅನ್ನೋದು ಆ ನಂಬರಿಂದ ಅವರಿಗೆ ಗೊತ್ತಾಗುತ್ತೆ, ಯಾವ ಡಿಸ್ಟ್ರಿಬ್ಯೂಟರ್‌ಗೆ ಹೋಯ್ತು ಅನ್ನೋದೂ ಅವರ ರೆಕಾರ್ಡಲ್ಲಿ ಸಿಗಬಹುದು, ಮಾರೋವಾಗಲೇ ಅಂಗಡಿಯವ್ರು ಆನ್‌ಲೈನಲ್ಲಿ ರಿಜಿಸ್ಟರ್ ಮಾಡಿದ್ರಂತೂ ನಿಮ್ಮಪ್ಪನ ಮೊಬೈಲ್ ನಂಬರ್ ಹಾಕಿದ್ರೆ ಮಾರಿದ ತಾರೀಖೇ ಬರುತ್ತೆ, ಆಗ ಬಿಲ್ಲಿನ ಮಾತೇ ಬರಲ್ಲ. ರಿಜಿಸ್ಟರ್ ಆಗಿಲ್ಲಾಂದ್ರೆ ಕೆಲವು ಕಂಪನಿಯವ್ರು ತಯಾರಾದ ತಿಂಗಳಿಂದ ಲೆಕ್ಕ ಹಾಕಿ ವಾರಂಟಿ ಕೊಡೋಕೆ ಒಪ್ತಾರೆ. ಒಂದೆರಡು ತಿಂಗಳು ನಿಮಗೆ ನಷ್ಟ ಆಗುತ್ತೆ ನಿಜ, ಎರಡು ವರ್ಷದ ಬ್ಯಾಟರಿಗೆ ಅದೇನೂ ದೊಡ್ಡದಲ್ಲ. ಕಂಪ್ಲೇಂಟ್ ನಂಬರ್ ಮೆಸೇಜ್ ಬರುತ್ತಲ್ಲ, ಅದನ್ನ ಡಿಲೀಟ್ ಮಾಡ್ಬೇಡಿ, ಮುಂದೆ ಬೇಕಾಗುತ್ತೆ.

ಈಗ ಅಂಗಡಿ ವಿಷಯ. ಜಿಎಸ್‌ಟಿ ರಿಜಿಸ್ಟ್ರೇಷನ್ ಇರೋ ಯಾವ ಅಂಗಡಿಯವ್ರೂ ಲೆಕ್ಕದ ಪುಸ್ತಕ, ಬಿಲ್ಲಿನ ಕಾಪಿನೆಲ್ಲ ಆ ವರ್ಷದ ಆನ್ಯುಯಲ್ ರಿಟರ್ನ್ (ತೆರಿಗೆ ಇಲಾಖೆಗೆ ಕೊಡೋ ವರ್ಷದ ಲೆಕ್ಕ) ಹಾಕೋ ಕೊನೇ ತಾರೀಖಿಂದ 72 ತಿಂಗಳು, ಅಂದ್ರೆ ಆರು ವರ್ಷ ಇಟ್ಕೊಂಡಿರ್ಲೇಬೇಕು, ಅದು ಕಾನೂನು. ನೀವು ತಗೊಂಡು ಎರಡೇ ವರ್ಷ ಆಗಿರೋದು. ಹಾಗಾಗಿ ಬಿಲ್ ಹಾಕಿ ಮಾರಿದ್ರೆ ಅವರ ಕಂಪ್ಯೂಟರಲ್ಲಿ ಅದು ಇವತ್ತೂ ಇದೆ, ಡೂಪ್ಲಿಕೇಟ್ ಪ್ರಿಂಟ್ ಕೊಡೋಕೆ ಎರಡು ನಿಮಿಷ ಸಾಕು. ಆದ್ರೆ ಸುಮ್ನೆ ಹೋಗಿ ಎರಡು ವರ್ಷದ ಹಿಂದಿನ ಬಿಲ್ ಹುಡುಕ್ಕೊಡಿ ಅಂದ್ರೆ ಯಾರೂ ಹುಡುಕಲ್ಲ, ಯಾಕಂದ್ರೆ ಅಂಗಡಿಗಳಲ್ಲಿ ಬಿಡಿ ಗಿರಾಕಿಗಳ ಬಿಲ್ಲಿಗೆ ಎಷ್ಟೋ ಸಲ ಹೆಸರೇ ಹಾಕಿರಲ್ಲ, ಎಲ್ಲಾ ಕ್ಯಾಶ್ ಅಂತಲೇ ಎಂಟ್ರಿ ಆಗಿರುತ್ತೆ, ಹೆಸರು ಹೇಳಿದ್ರೆ ಸಿಗಲ್ಲ. ತಾರೀಖು, ಮೊತ್ತ, ಸೀರಿಯಲ್ ನಂಬರ್, ಈ ಮೂರರಲ್ಲಿ ಎರಡಾದ್ರೂ ಚೀಟೀಲಿ ಬರ್ಕೊಂಡು ಹೋಗಿ. ಮಾಲೀಕರನ್ನ ಕೇಳೋದಕ್ಕಿಂತ ಬಿಲ್ ಹಾಕೋ ಹುಡುಗನ್ನೋ ಲೆಕ್ಕ ಬರೆಯೋರನ್ನೋ ಕೇಳಿ, ಜನ ಕಮ್ಮಿ ಇರೋ ಮಧ್ಯಾಹ್ನ ಹೋಗಿ.

ತಾರೀಖು ಎಲ್ಲಿಂದ ತರೋದು ಅಂದ್ರೆ, ಅಪ್ಪ ಫೋನ್‌ಪೇ ಗೂಗಲ್‌ಪೇ ಮಾಡಿದ್ರೆ ಹಿಸ್ಟರೀಲಿ ಅಂಗಡಿ ಹೆಸರು ಸಮೇತ ಸಿಗುತ್ತೆ, ಕಾರ್ಡ್ ಉಜ್ಜಿದ್ರೆ ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಸಿಗುತ್ತೆ, ಕಂತಲ್ಲಿ ತಗೊಂಡಿದ್ರೆ ಇನ್ನೂ ಸುಲಭ, ಲೋನ್ ಕೊಡೋ ಮೊದ್ಲೇ ಫೈನಾನ್ಸ್‌ನೋರು ಅಂಗಡಿಯಿಂದ ಬಿಲ್ ತರಿಸ್ಕೊಂಡಿರ್ತಾರೆ, ಅವರನ್ನೇ ಕೇಳಿ. ಕ್ಯಾಶ್ ಕೊಟ್ಟಿದ್ರೆ ಆ ದಿನ ಎಟಿಎಂನಿಂದ ದುಡ್ಡು ತೆಗೆದಿರೋ ಎಂಟ್ರಿ, ಫಿಟ್ಟಿಂಗಿಗೆ ಬಂದ ಹುಡುಗನ ಜೊತೆ ಆಡಿದ ವಾಟ್ಸಾಪ್ ಮಾತು, ಹೊಸ ಬ್ಯಾಟರಿ ಪೂಜೆ ಮಾಡಿ ಕುಂಕುಮ ಇಟ್ಟು ತೆಗೆದ ಫೋಟೋ, ಏನಿದ್ರೂ ಜೋಡಿಸಿ, ಫೋನಲ್ಲಿರೋ ಫೋಟೋಗೆ ತಾರೀಖು ಇರುತ್ತೆ. ಅರಸೀಕೆರೇಲಿರೋ ನಮ್ಮ ಸೋದರತ್ತೆ ಮನೇಲೂ ಇದೇ ತರ ಆಗಿತ್ತು, ಅವರ ಹತ್ರ ಇದ್ದಿದ್ದು ಮಗನ ಫೋನಿಂದ ಕಳಿಸಿದ ದುಡ್ಡಿನ ಸ್ಕ್ರೀನ್‌ಶಾಟ್ ಒಂದೇ, ಅದರ ತಾರೀಖು ಹಿಡ್ಕೊಂಡು ಅಂಗಡಿಯವ್ರು ಅವತ್ತಿನ ಬಿಲ್ಲುಗಳನ್ನ ತಿರುವಿ ಹಾಕಿದ್ರು, ಸೀರಿಯಲ್ ನಂಬರ್ ತಾಳೆ ಆಯ್ತು, ಕಂಪನಿ ಬ್ಯಾಟರಿ ಬದಲಾಯಿಸಿ ಕೊಡ್ತು.

ಕಷ್ಟ ಆಗೋದು ಅಂಗಡಿಯವ್ರು ಬಿಲ್ಲೇ ಹಾಕದೆ ಬರೀ ಎಸ್ಟಿಮೇಟ್ ಚೀಟಿ ಕೊಟ್ಟಿದ್ರೆ. ಇಂಥ ಲೆಡ್ ಆಸಿಡ್ ಬ್ಯಾಟರಿಗೆ ಮೊದ್ಲು ಜಿಎಸ್‌ಟಿ ಶೇ 28 ಇತ್ತು, 2025ರ ಸೆಪ್ಟೆಂಬರ್‌ನಲ್ಲಿ ಶೇ 18ಕ್ಕೆ ಇಳೀತು, ಶೇ 28 ಇದ್ದಾಗ ಬಿಲ್ ಬೇಡ ಅಂದ್ರೆ ಇಷ್ಟು ಕಡಿಮೆ ಅನ್ನೋ ಮಾತು ಅಂಗಡೀಲಿ ಬಂದೇ ಬರ್ತಿತ್ತು. ನಿಮ್ಮಪ್ಪ ಹಾಗೆ ತಗೊಂಡಿದ್ರೂ ಹೆದರ್ಬೇಡಿ, ಬಿಲ್ ಕೊಡೋ ಜವಾಬ್ದಾರಿ ಮಾರೋರದ್ದು. 2020ರ ಜುಲೈಯಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೇಲಿ ಬಿಲ್ ಕೊಡದೇ ಇರೋದನ್ನೇ ಅನುಚಿತ ವ್ಯಾಪಾರ ಪದ್ಧತಿ ಅಂತ ಸೇರಿಸಿದಾರೆ, ಜಿಎಸ್‌ಟಿ ಕಾನೂನಲ್ಲಿ ಬಿಲ್ಲಿಲ್ದೆ ಮಾರಿದ್ರೆ 10,000 ರೂಪಾಯಿ ಅಥವಾ ತಪ್ಪಿಸಿದ ತೆರಿಗೆ, ಯಾವುದು ಜಾಸ್ತಿನೋ ಅಷ್ಟು ದಂಡ ಇದೆ. ಅಂಗಡಿಯವ್ರು ಬಿಲ್ ಬಿಲ್ ಅಂತ ಜೋರು ಮಾಡಿದಾಗ ಇದನ್ನ ಸಮಾಧಾನವಾಗೇ ನೆನಪಿಸಿ. ಆದ್ರೆ ಯಾರಾದ್ರೂ ಐನೂರು ಕೊಡಿ ಹಳೇ ತಾರೀಖಿಗೆ ಬಿಲ್ ಮಾಡ್ಕೊಡ್ತೀನಿ ಅಂದ್ರೆ ದಯವಿಟ್ಟು ತಗೋಬೇಡಿ, ಆ ತಿಂಗಳ ರಿಟರ್ನ್ ಯಾವತ್ತೋ ಹೋಗಿರುತ್ತೆ, ಕಂಪನಿಯವ್ರು ಚೆಕ್ ಮಾಡಿದ್ರೆ ಸಿಕ್ಕಿಬೀಳುತ್ತೆ, ನಿಜವಾಗಿ ದುಡ್ಡು ಕೊಟ್ಟು ತಗೊಂಡಿರೋ ನೀವು ಸುಳ್ಳು ದಾಖಲೆ ಕೊಟ್ಟೋರಾಗ್ತೀರಿ.

ಅಂಗಡಿಯವ್ರ ಕಷ್ಟಾನೂ ಒಂಚೂರು ಹೇಳ್ಬೇಕು. ಗುಜರಿಯಿಂದ ಬ್ಯಾಟರಿ ತಂದು ವಾರಂಟಿ ಕೇಳೋರು ಇದಾರೆ, ದಾಖಲೆ ಇಲ್ದೆ ಬದಲಾಯಿಸಿಕೊಟ್ಟು ಆಮೇಲೆ ಕಂಪನಿ ಒಪ್ಪದಿದ್ರೆ ಆ ದುಡ್ಡು ಅಂಗಡಿಯವ್ರ ತಲೆ ಮೇಲೆ ಬೀಳುತ್ತೆ. ಅವರು ಪುರಾವೆ ಕೇಳೋದು ತಪ್ಪಲ್ಲ, ಆದ್ರೆ ಪುರಾವೆ ಅಂದ್ರೆ ಬಿಲ್ ಒಂದೇ ಅನ್ನೋದು ತಪ್ಪು.

ಇಷ್ಟಾದ್ಮೇಲೂ ಆಗಲ್ಲ ಅಂದ್ರೆ ಬರವಣಿಗೇಲಿ ಕೇಳಿ. ಸೀರಿಯಲ್ ನಂಬರ್, ತಗೊಂಡ ತಾರೀಖು, ಏನು ತೊಂದ್ರೆ, ಹದಿನೈದು ದಿನದೊಳಗೆ ಸರಿಮಾಡಿ ಅಂತ ಒಂದು ಪುಟ ಬರೆದು ಅಂಗಡಿಗೂ ಕಂಪನಿಗೂ ಸ್ಪೀಡ್ ಪೋಸ್ಟ್ ಮಾಡಿ, ಕಂಪನಿಗೆ ಇಮೇಲೂ ಹಾಕಿ. ಆಮೇಲೆ 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡ್ಬಹುದು. ಅವರು ತೀರ್ಪು ಕೊಡೋರಲ್ಲ, ನಿಮ್ಮ ದೂರನ್ನ ಕಂಪನಿಗೆ ದಾಟಿಸಿ ಉತ್ತರ ಕೇಳ್ತಾರೆ ಅಷ್ಟೇ, ಆದ್ರೂ ಸ್ಥಳೀಯ ಸರ್ವಿಸ್ ಸೆಂಟರ್ ಆಗಲ್ಲ ಅಂದಿದ್ದು ಅಲ್ಲಿಂದ ಕೇಳಿದ್ಮೇಲೆ ಆಗಿದ್ದನ್ನ ನೋಡಿದೀನಿ.

ಅದೂ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ವಸ್ತುವಿಗೆ ಫೀಸೇ ಇಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ, ನೀವಿರೋ ಜಿಲ್ಲೇಲೇ ಹಾಕ್ಬಹುದು, ಇ-ಜಾಗೃತಿ ವೆಬ್‌ಸೈಟಲ್ಲೂ ಹಾಕ್ಬಹುದು, ತೊಂದ್ರೆ ಶುರುವಾದಾಗಿಂದ ಎರಡು ವರ್ಷದೊಳಗೆ ಹಾಕ್ಬೇಕು. ಕೊಂಡಿದ್ದು ಅಪ್ಪ ಆದ್ರೂ ಅವರ ಒಪ್ಪಿಗೆಯಿಂದ ಬಳಸೋ ನೀವೂ ಕಾನೂನಿನ ಪ್ರಕಾರ ಗ್ರಾಹಕರೇ. ನಿಮ್ಮ ವಿಷಯದಲ್ಲಿ ಮುಖ್ಯ ಏನಂದ್ರೆ, ಬೇಕಾದ ದಾಖಲೆ ತಂದು ಹಾಜರು ಮಾಡಿ ಅಂತ ಅಂಗಡಿಯವ್ರಿಗೆ ಹೇಳೋ ಅಧಿಕಾರ ಆಯೋಗಕ್ಕಿದೆ, ಹಾಗಾಗಿ ದೂರಿನ ಜೊತೇಲೇ ಆ ತಿಂಗಳ ಮಾರಾಟದ ಪುಸ್ತಕ ತರಿಸಿ ಅಂತ ಒಂದು ಅರ್ಜಿ ಕೊಡಿ. ಟೈಮ್ ಹಿಡಿಯುತ್ತೆ, ಕಾನೂನಲ್ಲಿ ಟೆಸ್ಟಿಂಗ್ ಬೇಡದ ಕೇಸಿಗೆ ಮೂರು ತಿಂಗಳು, ಬೇಕಾದ್ರೆ ಐದು ತಿಂಗಳು ಅಂತ ಬರೆದಿದ್ರೂ ಅಷ್ಟರಲ್ಲಿ ಮುಗಿಯುತ್ತೆ ಅಂತ ನಂಬ್ಕೊಂಡು ಕೂರ್ಬೇಡಿ.

ಕ್ಯಾಶ್ ಕೊಟ್ಟು, ಫೋಟೋ ಮೆಸೇಜ್ ಏನೂ ಇಲ್ದೆ, ಸೀರಿಯಲ್ ನಂಬರೂ ಓದೋಕಾಗ್ತಿಲ್ಲ ಅಂದ್ರೆ ಮಾತ್ರ ಆಯೋಗದವರೆಗೆ ಹೋಗೋದು ಕಷ್ಟ, ಸುಳ್ಳು ಭರವಸೆ ಕೊಡಲ್ಲ. ಇನ್ನೊಂದು, ನಿಮ್ಮ ಮಾಡೆಲ್‌ಗೆ ಎಷ್ಟು ತಿಂಗಳು ಪೂರ್ತಿ ವಾರಂಟಿ, ಎಷ್ಟು ತಿಂಗಳು ಪ್ರೊರೇಟಾ ಅಂತ ಕಂಪನಿ ಸೈಟಲ್ಲಿ ನೋಡ್ಕೊಳ್ಳಿ, ಪ್ರೊರೇಟಾ ಅವಧೀಲಿದ್ರೆ ಹೊಸ ಬ್ಯಾಟರಿ ಬೆಲೇಲಿ ಸ್ವಲ್ಪ ಭಾಗ ಮಾತ್ರ ಬಿಡ್ತಾರೆ. ಟೆಕ್ನಿಷಿಯನ್ ಬಂದಾಗ ಪಕ್ಕದಲ್ಲೇ ನಿಂತ್ಕೊಳ್ಳಿ, ಬ್ಯಾಟರಿ ಒಳಗಿರೋ ಆರೂ ಸೆಲ್ಲಿನ ಗ್ರಾವಿಟಿ, ಅಂದ್ರೆ ಆಸಿಡ್ ಎಷ್ಟು ಗಟ್ಟಿ ಇದೆ ಅನ್ನೋದನ್ನ, ಒಂದೊಂದಾಗಿ ನೋಡ್ತಾರೆ, ಒಂದರಲ್ಲಿ ಮಾತ್ರ ತೀರಾ ಕಡಿಮೆ ಬಂದ್ರೆ ಆ ಸೆಲ್ ಹೋಗಿದೆ ಅಂತ, ಎಲ್ಲದರಲ್ಲೂ ಒಂದೇ ಸಮ ಕಡಿಮೆ ಇದ್ರೆ ಚಾರ್ಜ್ ಸಾಲದು ಅಂತ ತಗೊಂಡ್ಹೋಗಿ ಚಾರ್ಜ್ ಮಾಡಿ ಮತ್ತೆ ನೋಡ್ತಾರೆ. ಹಾಗೆ ತಗೊಂಡ್ಹೋಗೋದಾದ್ರೆ ಸೀರಿಯಲ್ ನಂಬರ್, ಆರು ಸೆಲ್ಲಿನ ರೀಡಿಂಗ್, ತಾರೀಖು, ಸಹಿ ಇರೋ ಚೀಟಿ ಕೈಗೆ ಬಂದ್ಮೇಲೇ ಬ್ಯಾಟರಿ ಮನೆಯಿಂದ ಆಚೆ ಬಿಡಿ.