ಜನವರಿಯಲ್ಲಿ ಪುಣೆಯಿಂದ ಓಸ್ಲೋಗೆ ಹೋಗುತ್ತಿದ್ದೇನೆ. ಮಹಿಳೆಯರಿಗೆಂದೇ ಮಾಡಿದ ಕ್ರಾಸ್ ಕಂಟ್ರಿ ಸ್ಕೀಗಳಲ್ಲಿ (ಹಿಮದ ದಾರಿಯಲ್ಲಿ ಜಾರುತ್ತ ಸಾಗಲು ಕಾಲಿಗೆ ತೊಡುವ ಉದ್ದ ಹಲಗೆಗಳು) ಯಾವುದನ್ನು ಈಗಲೇ ಕೊಂಡುಕೊಳ್ಳಲಿ?

ಯಾವುದನ್ನೂ ಈಗಲೇ ಕೊಳ್ಳಬೇಡಿ. ಐದು ವರ್ಷದ ಹಿಂದೆ ನಾನು ಮಾಡಿದ್ದು ಅದನ್ನೇ. ಪುಣೆಯ ಹಿಂಜವಡಿಯಲ್ಲಿರುವ ನನ್ನ ಕಚೇರಿಯವರು ಒಂದು ಚಳಿಗಾಲದ ಮಟ್ಟಿಗೆ ಓಸ್ಲೋಗೆ ಕಳುಹಿಸಿದ್ದರು. ಹೊರಡುವ ಮೊದಲೇ ಕೋಥ್ರೂಡ್‌ನ ಮನೆಯಲ್ಲಿ ಕುಳಿತು, ಬಳ್ಳಿಯ ಚಿತ್ತಾರವಿದ್ದ ಒಂದು ಜೊತೆ ಮಹಿಳೆಯರ ಸ್ಕೀ ಆರಿಸಿ, ಅಲ್ಲಿನ ವಿಳಾಸ ಕೊಟ್ಟು ಹಣ ಕಟ್ಟಿದೆ. ಎತ್ತರ, ತೂಕ ಎರಡನ್ನೂ ಕೇಳಿದ್ದರು. ಎತ್ತರ ಸರಿಯಾಗಿಯೇ ಬರೆದೆ. 71 ಕೆಜಿ ಇದ್ದ ತೂಕವನ್ನು 58 ಎಂದು ಬರೆದೆ.

ಎರಡನೆಯ ಬಾಣಂತನದಲ್ಲಿ ಏರಿದ ತೂಕವನ್ನು ನಾನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಅಂದು ಪಕ್ಕದಲ್ಲೇ ನಾದಿನಿ ಕುಳಿತಿದ್ದಳು. 58 ನನ್ನ ಮದುವೆಯ ಕಾಲದ ತೂಕ, ಹೇಗೂ ಇಳಿಸುತ್ತೇನಲ್ಲ ಎಂದುಕೊಂಡೆ. ರವಿಕೆಯಾದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಬಹುದು. ಸ್ಕೀಗೆ ಆ ದಾರಿಯಿಲ್ಲ. ಅದು ನಡುವೆ ಬಿಲ್ಲಿನಂತೆ ಬಾಗಿರುತ್ತದೆ. ಎರಡೂ ಕಾಲಿಗೆ ಭಾರ ಹಂಚಿ ನಿಂತಾಗ ಪಾದದಡಿಯ ಭಾಗ ಹಿಮದಿಂದ ಮೇಲೆ ಉಳಿಯಬೇಕು, ಆಗ ಜಾರುತ್ತದೆ. ಒಂದೇ ಕಾಲಿಗೆ ಪೂರ್ತಿ ಭಾರ ಕೊಟ್ಟು ಒದ್ದಾಗ ಅದೇ ಭಾಗ ಹಿಮಕ್ಕೆ ಒತ್ತಿ ಹಿಡಿಯಬೇಕು. 58 ಕೆಜಿಯವರಿಗೆಂದು ಆರಿಸಿದ ಆ ಬಿಲ್ಲು ನನ್ನ ಕೆಳಗೆ ಸದಾ ಚಪ್ಪಟೆ. ಒದೆಯುವಾಗ ಹಿಮವನ್ನು ಹಿಡಿಯಲೆಂದು ಪಾದದಡಿ ಅಂಟಿಸಿದ್ದ ಮೊಹೇರ್ (ಮೇಕೆಯ ಕೂದಲಿನ) ಪಟ್ಟಿ ಜಾರುವಾಗಲೂ ಹಿಮವನ್ನು ಕಚ್ಚಿಕೊಂಡೇ ಇರುತ್ತಿತ್ತು. ಮೆಟ್ರೋದ ಕೊನೆಯ ನಿಲ್ದಾಣ ಸೋಗ್ನ್ಸ್‌ವಾನ್‌ನಲ್ಲಿ ಇಳಿದು ಕಾಡಿನ ದಾರಿ ಹಿಡಿದರೆ, ಅಜ್ಜಿಯರೂ ನನ್ನನ್ನು ದಾಟಿ ಹೋಗುತ್ತಿದ್ದರು. ತಪ್ಪೆಲ್ಲ ನನ್ನ ಮೈಯದೇ ಎಂದು ನಂಬಿ ಇಡೀ ಚಳಿಗಾಲ ಕಳೆದೆ. ಮಾರ್ಚ್‌ನಲ್ಲಿ ತಿರುಗಿಸಿ ನೋಡಿದರೆ ಪಟ್ಟಿಯ ನಡುಭಾಗದ ಎಳೆಗಳು ಸವೆದು ಬೋಳಾಗಿದ್ದವು.

ಪಟ್ಟಿ ಬದಲಿಸಲು ಅಲ್ಲಿನ ಅಂಗಡಿಗೆ ಹೋದೆ. ಅಂಗಡಿಯ ಹುಡುಗಿ ನನ್ನನ್ನು ಸ್ಕೀಗಳ ಮೇಲೆ ನಿಲ್ಲಿಸಿ, ಪಾದದಡಿಗೆ ಕಾಗದದ ಹಾಳೆಯೊಂದನ್ನು ತೂರಿಸಲು ನೋಡಿದಳು. ಹಾಳೆ ಒಳಗೇ ಹೋಗಲಿಲ್ಲ. ಎರಡೂ ಕಾಲಿನ ಮೇಲೆ ನಿಂತಾಗ ಅದು ಸರಾಗವಾಗಿ ಸರಿಯಬೇಕು, ಒಂದೇ ಕಾಲಿನ ಮೇಲೆ ನಿಂತಾಗ ಸಿಕ್ಕಿಕೊಳ್ಳಬೇಕು. ಅಷ್ಟೇ ಪರೀಕ್ಷೆ.

ಹಾಗಾಗಿ ಮಹಿಳೆಯರ ಸ್ಕೀ ಯಾವುದು ಎಂದು ಕೇಳುವುದನ್ನೇ ಬಿಡಿ. ಆ ಹೆಸರಿನವು ಹೆಚ್ಚಾಗಿ ತುಸು ಗಿಡ್ಡ, ತುಸು ಮೆದು, ಬಣ್ಣ ಬೇರೆ. ನಿಮ್ಮ ತೂಕಕ್ಕೆ ಗಂಡಸರದ್ದು ಹೊಂದಿದರೆ ಅದನ್ನೇ ತೆಗೆದುಕೊಳ್ಳಿ. ಬೂಟು ಮಾತ್ರ ಮಹಿಳೆಯರದ್ದನ್ನೇ ಹಾಕಿ ನೋಡಿ. ಪ್ರತಿ ಹೆಜ್ಜೆಗೂ ಹಿಮ್ಮಡಿ ಮೇಲೇಳುವ ಆಟ ಇದು; ಹಿಮ್ಮಡಿಯ ಬಳಿ ಸಡಿಲವಾದರೆ ಒಂದೇ ದಿನಕ್ಕೆ ಬೊಬ್ಬೆ ಏಳುತ್ತದೆ. ಮೊದಲ ಎರಡು ವಾರ ಬಾಡಿಗೆಯ ಸ್ಕೀ ಸಾಕು. ಬಾಡಿಗೆ ಅಂಗಡಿಯಲ್ಲೂ ತೂಕ ಕೇಳುತ್ತಾರೆ. ದಪ್ಪ ಜಾಕೆಟ್, ಬೆನ್ನುಚೀಲ ಸೇರಿಸಿಯೇ ಹೇಳಿ.

ನನ್ನ ಸ್ಕೀ ಈಗಲೂ ಮನೆಯ ಅಟ್ಟದಲ್ಲಿದೆ, ಪಟ್ಟಿ ಹೊಸದು. ನಿಮ್ಮ ತೂಕ ನಿಜವಾಗಿಯೂ 58ರ ಆಸುಪಾಸಿನಲ್ಲಿದ್ದರೆ ಬಂದು ಒಯ್ಯಿರಿ, ಹಣ ಬೇಡ.