ಪರಾವಲಂಬಿಯ ಪ್ರೋಟೀನ್ ರಚನೆ ಗೊತ್ತಿದ್ದರೂ ಔಷಧಿ ಯಾಕೆ ಬರ್ತಿಲ್ಲ?

ಷಾಗಸ್, ಕಾಲಾ ಅಜಾರ್, ನಿದ್ರಾ ರೋಗ ತರುವ ಪರಾವಲಂಬಿಗಳ ಎಷ್ಟೋ ಪ್ರೋಟೀನ್‌ಗಳ ಸ್ಫಟಿಕ ರಚನೆ (ಪ್ರೋಟೀನನ್ನು ಹರಳಾಗಿಸಿ ಕಂಡುಕೊಂಡ ಅದರ ಆಕಾರ) ಪಿಡಿಬಿ ಅನ್ನೋ ಸಾರ್ವಜನಿಕ ಸಂಗ್ರಹದಲ್ಲಿ ಪುಕ್ಕಟೆ ಸಿಗುತ್ತದೆ, ಮತ್ತೆ ಕಂಪ್ಯೂಟರಲ್ಲಿ ಡಾಕಿಂಗ್ ಮಾಡಿ, ಅಂದರೆ ಯಾವ ಅಣು ಪ್ರೋಟೀನಿಗೆ ಹೊಂದುತ್ತದೆ ಅಂತ ಲೆಕ್ಕ ಹಾಕಿ, ಔಷಧಿ ಹುಡುಕೋಕೆ ಏನು ಕಷ್ಟ ಅಂತ ಕೇಳಿದ್ದೀರಿ. ಕೆಲವು ಕಾಲ ಇಂಥ ಹರಳುಗಳ ಬೆನ್ನು ಹತ್ತಿದ್ದವನಾಗಿ ನೇರವಾಗಿ ಹೇಳುತ್ತೇನೆ. ಅಣು ಪ್ರೋಟೀನಿನಲ್ಲಿ ಎಲ್ಲಿ ಕೂರುತ್ತದೆ ಅನ್ನೋದನ್ನು ರಚನೆ ತೋರಿಸುತ್ತದೆ. ಅದು ಕೂತರೆ ಪರಾವಲಂಬಿ ಸಾಯುತ್ತದಾ, ಅದು ಬೇರೆಯೇ ಪ್ರಶ್ನೆ.

ಷಾಗಸ್ ನೋಡಿ. ಆ ಪರಾವಲಂಬಿಗೆ ಕೋಶದ ಪೊರೆಗಾಗಿ ಎರ್ಗೋಸ್ಟೆರಾಲ್ ಅನ್ನೋ ಕೊಬ್ಬಿನಂಥ ವಸ್ತು ಬೇಕು, ಅದನ್ನು ಮಾಡಲು ಸಿವೈಪಿ51 ಎಂಜೈಮ್ ಬೇಕು. ಶಿಲೀಂಧ್ರಕ್ಕೆ ಕೊಡುವ ಪೊಸಕೊನಜೋಲ್ ಈ ಎಂಜೈಮನ್ನು ಚೆನ್ನಾಗಿ ಹಿಡಿಯುತ್ತದೆ, ಹಿಡಿದಿರುವ ರಚನೆಯೂ ಇದೆ. ಆದರೆ 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದನ್ನು ತೆಗೆದುಕೊಂಡ ಹೆಚ್ಚಿನ ರೋಗಿಗಳಲ್ಲಿ, ಚಿಕಿತ್ಸೆ ಮುಗಿದ ಮೇಲೆ ಪರಾವಲಂಬಿ ವಾಪಸ್ ಬಂತು. ಹಳೆಯ ಬೆಂಜ್‌ನಿಡಜೋಲೇ ಮೇಲಾಯಿತು.

ಟ್ರೈಪನೋಥಯೋನ್ ರಿಡಕ್ಟೇಸ್ ಅನ್ನೋ ಇನ್ನೊಂದು ಎಂಜೈಮಿನ ಕಥೆ ಇನ್ನೂ ಬೇಜಾರು. ಮನುಷ್ಯರಲ್ಲಿ ಇಲ್ಲ, ಪರಾವಲಂಬಿಗೆ ಬೇಕೇ ಬೇಕು, ರಚನೆ 1990ರ ದಶಕದಿಂದಲೇ ಕೈಯಲ್ಲಿದೆ. ಆದರೆ ಅದರ ಸಕ್ರಿಯ ಜಾಗ, ಅಂದರೆ ಎಂಜೈಮಿನ ಕೆಲಸ ನಡೆಯುವ ಗುಂಡಿ, ತುಂಬಾ ಅಗಲ, ಸಣ್ಣ ಅಣುವಿಗೆ ಹಿಡಿತವೇ ಸಿಗುವುದಿಲ್ಲ. ಸಾಲದ್ದಕ್ಕೆ, ಎಂಜೈಮಿನ ಕೆಲಸ ಶೇ. 90ಕ್ಕಿಂತ ಜಾಸ್ತಿ ನಿಲ್ಲಿಸಿದರೆ ಮಾತ್ರ ಪರಾವಲಂಬಿಗೆ ಬಿಸಿ ತಟ್ಟೋದು!

ಇತ್ತ 2018ರಲ್ಲಿ ನಿದ್ರಾ ರೋಗಕ್ಕೆ ಬಂದ ಫೆಕ್ಸಿನಿಡಜೋಲ್ ಮಾತ್ರೆ ಯಾವ ರಚನೆಯಿಂದಲೂ ಹುಟ್ಟಿದ್ದಲ್ಲ. ಹಳೆಯ ನೈಟ್ರೋ ಅಣುಗಳನ್ನು ಮತ್ತೆ ಕೆದಕಿದಾಗ ಸಿಕ್ಕಿದ್ದು.

ಹಾಗಂತ ರಚನೆ ದಂಡ ಅಲ್ಲ. ನನಗೆ ತುಂಬಾ ಇಷ್ಟದ ಉದಾಹರಣೆ ಷಿಸ್ಟೊಸೋಮಿಯಾಸಿಸ್ ಅನ್ನೋ ಹುಳುವಿನ ರೋಗಕ್ಕೆ ಕೊಡುತ್ತಿದ್ದ ಆಕ್ಸಮ್ನಿಕ್ವಿನ್. ಅದು ಮ್ಯಾನ್ಸೋನಿ ಜಾತಿಯ ಹುಳುವನ್ನಷ್ಟೇ ಕೊಲ್ಲುತ್ತಿತ್ತು, ಉಳಿದೆರಡು ಮುಖ್ಯ ಜಾತಿಗಳು ಆರಾಮಾಗಿರುತ್ತಿದ್ದವು. ಯಾಕೆ ಅನ್ನೋದು ದಶಕಗಳ ಕಾಲ ಒಗಟು. ಔಷಧಿ ತಾನಾಗಿ ವಿಷವಲ್ಲ, ಹುಳುವಿನದೇ ಒಂದು ಎಂಜೈಮಾದ ಸಲ್ಫೋಟ್ರಾನ್ಸ್‌ಫರೇಸ್ ಅದಕ್ಕೆ ಸಲ್ಫೇಟ್ ಅಂಟಿಸಿದ ಮೇಲೆ ಅದು ಹುಳುವಿನ ಡಿಎನ್ಎಗೆ ಅಂಟಿಕೊಂಡು ಹಾಳು ಮಾಡುತ್ತದೆ. ಆ ಎಂಜೈಮ್ ಯಾವುದು, ಔಷಧಿ ಅದರೊಳಗೆ ಹೇಗೆ ಕೂರುತ್ತದೆ ಅನ್ನೋದು 2013ರಲ್ಲಿ ಜೀನ್ ಮತ್ತು ಹರಳು ಎರಡನ್ನೂ ಜೊತೆಗಿಟ್ಟು ನೋಡಿದಾಗ ಬಯಲಾಯಿತು. ಔಷಧಿಗೆ ಬಗ್ಗದ ಹುಳುಗಳಲ್ಲಿ ಇದೇ ಎಂಜೈಮ್ ಕೆಟ್ಟಿತ್ತು. ಆ ರಚನೆ ಹಿಡಿದು ಅಣುವನ್ನು ತಿದ್ದುತ್ತಾ ಹೋಗಿ, ಮೂರೂ ಜಾತಿಯ ಹುಳುಗಳನ್ನು ಕೊಲ್ಲುವ ಹೊಸ ಅಣುಗಳನ್ನು ಲ್ಯಾಬಿನಲ್ಲಿ ಮಾಡಿದ್ದಾರೆ. ಇಲ್ಲಿ ಔಷಧಿ ಕೆಲಸ ಮಾಡುತ್ತದೆ ಅನ್ನೋದು ಮೊದಲೇ ಗೊತ್ತಿತ್ತು, ರಚನೆ ಆಮೇಲೆ ಬಂತು. ಈ ಕ್ರಮದಲ್ಲಿ ಹೋದರೇ ಲಾಭ ಅಂತ ನನ್ನ ಅಭಿಪ್ರಾಯ.

ನೀವು ಡಾಕಿಂಗ್ ಶುರು ಮಾಡೋದೇ ಆದರೆ, ಆ ಜೀನ್ ತೆಗೆದರೆ ಪರಾವಲಂಬಿ ಸಾಯುತ್ತದೆ ಅಂತ ಯಾರಾದರೂ ತೋರಿಸಿದ್ದಾರಾ ಅಂತ ಮೊದಲು ಹುಡುಕಿ. ಆಮೇಲೆ ಪಿಡಿಬಿ ಫೈಲಿನಲ್ಲಿರುವ ಅಣುವಿನ ಎಲೆಕ್ಟ್ರಾನ್ ಡೆನ್ಸಿಟಿಯನ್ನು (ಅಣು ನಿಜಕ್ಕೂ ಅಲ್ಲಿದೆ ಅನ್ನೋದಕ್ಕೆ ಎಕ್ಸ್-ರೇ ಪ್ರಯೋಗದ ಪುರಾವೆ) ನಿಮ್ಮ ಕಣ್ಣಾರೆ ನೋಡಿ. ಕೆಲವು ಫೈಲುಗಳಲ್ಲಿ ಅಣು ಇದೆ ಅಂತ ಬರೆದಿರುತ್ತಾರೆ, ಡೆನ್ಸಿಟಿ ಮಾತ್ರ ಅಷ್ಟಕ್ಕಷ್ಟೇ.