ಹುಡುಕಾಟ ಜಾಸ್ತಿ ಮಾಡಿದರೂ ಫೈಲ್ ಗಾತ್ರ ಯಾಕೆ ಇಳಿಯಲಿಲ್ಲ?

ತೇರಿನ ವಿಡಿಯೊವನ್ನು ಎಕ್ಸ್264 ಎಂಬ ತಂತ್ರಾಂಶದಲ್ಲಿ ಕುಗ್ಗಿಸಲು, ಚಿತ್ರದ ಒಂದೊಂದು ತುಂಡೂ (ಬ್ಲಾಕ್) ಹಿಂದಿನ ಫ್ರೇಮಿನಲ್ಲಿ ಎಲ್ಲಿತ್ತು ಅಂತ ಒಂದೂ ಜಾಗ ಬಿಡದೆ ತಡಕುವ ಇಎಸ್‌ಎ ಹುಡುಕಾಟ ಹಾಕಿ, ಅದರ ವ್ಯಾಪ್ತಿಯನ್ನು ಎಲ್ಲ ದಿಕ್ಕಿಗೂ 64 ಪಿಕ್ಸೆಲ್‌ಗೆ ಏರಿಸಿದಿರಿ. ರಾತ್ರಿಯಿಡೀ ಓಡಿದರೂ ಫೈಲ್ ಗಾತ್ರ ಇಳಿಯಲಿಲ್ಲ, ಯಾಕೆ ಅಂತ ಕೇಳಿದ್ದೀರಿ ಅಲ್ವಾ?

ಲೆಕ್ಕ ನೋಡಿ. 64 ಅಂದರೆ ಒಂದೊಂದು ಬ್ಲಾಕ್‌ಗೂ 129×129, ಅಂದರೆ 16,641 ಜಾಗ ತಡಕಬೇಕು. 16 ಇಟ್ಟರೆ 1,089. ಆದರೆ ತೇರು ಓಡುತ್ತದೆಯೇ? ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಕೆಲವೇ ಪಿಕ್ಸೆಲ್ ಸರಿಯುತ್ತದೆ. ಪಕ್ಕದ ಬ್ಲಾಕ್ ಎತ್ತ ಹೋಯಿತು ಅಂತ ನೋಡಿ ಶುರುಮಾಡುವ ಯುಎಂಎಚ್ ಎಂಬ ಇನ್ನೊಂದು ಹುಡುಕಾಟವೇ ಅದನ್ನು ಸುಲಭವಾಗಿ ಹಿಡಿಯುತ್ತದೆ. ಆ ಅಂದಾಜಿನಿಂದ ದೂರ ಹೋದಷ್ಟೂ ವೆಕ್ಟರ್ (ಬ್ಲಾಕ್ ಎತ್ತ, ಎಷ್ಟು ಸರಿಯಿತು ಎಂಬ ಅಂಕಿ) ಬರೆಯಲು ಬಿಟ್‌ಗಳೂ ಜಾಸ್ತಿ ಬೇಕು.

ಲಾಭ ಇರುವುದು ಪಿಕ್ಸೆಲ್ ಒಳಗೆ. ಎಕ್ಸ್264 ಬಳಸುವ ಎಚ್.264 ಮಾದರಿ ಕಾಲು ಪಿಕ್ಸೆಲ್ ಸರಿದದ್ದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ವ್ಯಾಪ್ತಿ 16ಕ್ಕೇ ಬಿಟ್ಟು, ಈ ಸೂಕ್ಷ್ಮ ಹುಡುಕಾಟದ ಮಟ್ಟವಾದ ಸಬ್‌ಎಂಇ 7ರಿಂದ 9ಕ್ಕೆ ಏರಿಸಿ ನೋಡಿ.

ಜನ ತೇರಿಗೆ ಎಸೆಯುವ ಬಾಳೆಹಣ್ಣಿನ ಚಿಂತೆ ಬಿಡಿ. ಅದು ಮಸುಕಾಗಿ, ತಿರುಗುತ್ತ ಬರುತ್ತದೆ. ಫ್ರೇಮಿಗೊಂದು ಆಕಾರ! ಜೂಮ್ ಮಾಡಿದ ಕಡೆಯೂ ಕಷ್ಟವೇ. ಎಚ್.264 ಬ್ಲಾಕನ್ನು ಸರಿಸಬಲ್ಲದು, ಹಿಗ್ಗಿಸಲಾರದು. ಅದಕ್ಕೆ ಬೇಕಾದ, ಹಿಗ್ಗುವುದನ್ನೂ ತಿರುಗುವುದನ್ನೂ ಹಿಡಿಯುವ ಅಫೈನ್ ಅಂದಾಜು 2020ರಲ್ಲಿ ಬಂದ ವಿವಿಸಿ ಎಂಬ ಹೊಸ ಮಾದರಿಯಲ್ಲಿದೆ.

ರಾತ್ರಿ ತೆಗೆದ ಭಾಗಕ್ಕೆ ಮೊದಲು ಸ್ವಲ್ಪ ಡಿನಾಯ್ಸ್ ಮಾಡಿ, ಅಂದರೆ ಚುಕ್ಕೆ ಅಳಿಸಿ. ಕತ್ತಲಲ್ಲಿ ಮಿನುಗುವ ಕಾಳುಕಾಳು ಚುಕ್ಕೆಗಳಿಗೆ ಹಿಂದಿನ ಫ್ರೇಮಿನಲ್ಲಿ ಜೋಡಿಯೇ ಸಿಗೋದಿಲ್ಲ, ಸುಮ್ನೆ ಬಿಟ್ ತಿನ್ನುತ್ತವೆ.